ಸಿಂಗಾಪುರಕ್ಕೆ ಬಂದ ತಮ್ಮನಿಗೆ: ಊದಿನಕಡ್ಡಿ, ಶಿಲುಬೆ, ಇಷ್ಟಲಿಂಗ

ತಮ್ಮಾ,

ನೀನು ಅಕ್ಕಾ ಎಂದು ಕರೆದಿರುವುದರಿಂದ ನಾನೂ ಬಹುವಚನ ಬಿಟ್ಟು ಬರೆಯುತ್ತೇನೆ. ರಾಣೆಬೆನ್ನೂರಿನಿಂದ ಸಿಂಗಾಪುರಕ್ಕೆ ಬಂದು ಎಂಟು ತಿಂಗಳಾಯಿತು, ಯಿಶುನ್‌ನಲ್ಲಿ ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿ ಕಟ್ಟಿಸಿದ ಮನೆಯೊಂದರ ಕೋಣೆ ಹಿಡಿದಿದ್ದೇನೆ, ಎಡಕ್ಕೆ ಮಲಯ್ ಮುಸ್ಲಿಂ ಕುಟುಂಬ, ಬಲಕ್ಕೆ ದಿನವೂ ಬಾಗಿಲಲ್ಲಿ ಊದಿನಕಡ್ಡಿ ಹಚ್ಚುವ ಚೀನೀ ಅಜ್ಜಿ ಎಂದು ಬರೆದಿದ್ದೀಯೆ. ಆಗಸ್ಟ್ ಕೊನೆಗೆ ಅವ್ವ ಬರುತ್ತಾಳೆ, ಇದನ್ನೆಲ್ಲ ಕಂಡು ಏನೆನ್ನುತ್ತಾಳೋ ಎಂಬ ಅಳುಕು ನಿನಗೆ. ಇಲ್ಲಿನ ಜನ ಹೊಂದಿಕೊಂಡಿರುವುದು ನಿಜವೋ ತೋರಿಕೆಯೋ ಎಂದು ಕೇಳಿದ್ದೀಯೆ. ಕಚೇರಿಯ ಚೀನೀ ಕ್ರೈಸ್ತ ಹುಡುಗಿಯನ್ನು ಮದುವೆಯಾಗುವ ಯೋಚನೆಯಿದೆ ಎಂಬುದನ್ನು ಕಟ್ಟಕಡೆಯ ಸಾಲಿನಲ್ಲಿ ಸೇರಿಸಿದ್ದೀಯೆ. ಉಳಿದದ್ದೆಲ್ಲ ಆ ಸಾಲಿಗೆ ಹಾಕಿದ ಪೀಠಿಕೆ ಎಂದು ನನಗನ್ನಿಸಿತು.

ನಾನು ಶಿರಹಟ್ಟಿ ತಾಲ್ಲೂಕಿನವಳು. 1999ರಲ್ಲಿ ಗಂಡನ ಕೆಲಸದ ನಿಮಿತ್ತ ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ಇಲ್ಲಿಗೆ ಬಂದೆ. ಆ ಮಗನ ಹೆಂಡತಿ ಚೀನೀ ಮೂಲದವಳು, ಮೆಥಡಿಸ್ಟ್ ಚರ್ಚಿಗೆ ಹೋಗುತ್ತಾಳೆ. ಹಾಗಾಗಿ ನಾನು ಕಂಡುಂಡದ್ದನ್ನೇ ಹೇಳುತ್ತೇನೆ.

ಹೊಂದಾಣಿಕೆ ನಿಜ. ಆದರೆ ಅದು ತಾನಾಗಿ ಹುಟ್ಟಿ ಬೆಳೆದ ಗಿಡ ಎಂದುಕೊಳ್ಳಬೇಡ. 1950ರ ಡಿಸೆಂಬರ್‌ನಲ್ಲಿ ಈ ಊರು ಒಬ್ಬ ಹುಡುಗಿಯ ಧರ್ಮದ ವಿಷಯಕ್ಕೆ ಹೊತ್ತಿ ಉರಿದಿತ್ತು. ಜಾವಾದ ಡಚ್ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದ ಮರಿಯಾ ಹರ್ಟೋಗ್ ಎಂಬ ಮಗು ಯುದ್ಧಕಾಲದಲ್ಲಿ ಅಮೀನಾ ಎಂಬ ಹೆಂಗಸಿನ ಮಡಿಲು ಸೇರಿ ಮುಸ್ಲಿಮಳಾಗಿ ಬೆಳೆದಿತ್ತು. ನ್ಯಾಯಾಲಯ ಹುಡುಗಿಯನ್ನು ಹೆತ್ತವರಿಗೆ ಒಪ್ಪಿಸಿತು. ಕಾನ್ವೆಂಟಿನಲ್ಲಿ ಮೇರಿಯಮ್ಮನ ಪ್ರತಿಮೆಯ ಮುಂದೆ ಅವಳಿರುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಗಲಭೆಯಲ್ಲಿ 18 ಮಂದಿ ಸತ್ತರು. ಹದಿನಾಲ್ಕು ವರ್ಷಗಳ ನಂತರ, 1964ರ ಜುಲೈ 21ರಂದು, ಪ್ರವಾದಿಯವರ ಜನ್ಮದಿನದ ಮೆರವಣಿಗೆಯ ಹೊತ್ತಿನಲ್ಲಿ ಮಲಯ್ ಮತ್ತು ಚೀನೀ ಜನರ ನಡುವೆ ಮತ್ತೆ ಗಲಭೆ. ಆ ವರ್ಷ ಎರಡು ಸಲ ಹೊತ್ತಿಕೊಂಡ ಬೆಂಕಿಗೆ 36 ಮಂದಿ ಬಲಿಯಾದರು. ಈಗ ಶಾಲೆಗಳಲ್ಲಿ ಜುಲೈ 21 ಜನಾಂಗೀಯ ಸಾಮರಸ್ಯದ ದಿನ. ನನ್ನ ಮಗ ಒಂದು ವರ್ಷ ಗೆಳೆಯನ ಮಲಯ್ ಅಂಗಿ ತೊಟ್ಟು ಹೋದ, ಆ ಗೆಳೆಯ ನಮ್ಮ ಮನೆಯ ಧೋತರ ಉಟ್ಟು ಹೋದ. ಮಕ್ಕಳಿಗೆ ಅದು ಆಟ. ಆ ತಾರೀಕು ಯಾಕೆ ಎಂದು ಗೊತ್ತಿದ್ದ ನನಗೆ ಅಂದು ಗಂಟಲು ಕಟ್ಟಿತ್ತು.

ನಿನ್ನ ಎಡಬಲದ ಬಾಗಿಲುಗಳು ಹಾಗಿರುವುದಕ್ಕೂ ಕಾರಣವಿದೆ. ಇಲ್ಲಿ ಹತ್ತರಲ್ಲಿ ಸುಮಾರು ಎಂಟು ಕುಟುಂಬಗಳು ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಮನೆಗಳಲ್ಲಿವೆ. 1989ರಿಂದ ಒಂದೊಂದು ಕಟ್ಟಡದಲ್ಲೂ ಒಂದೊಂದು ಬಡಾವಣೆಯಲ್ಲೂ ಚೀನೀಯರು, ಮಲಯ್ ಜನ, ಭಾರತೀಯರು ಮತ್ತಿತರರು ಇಂತಿಷ್ಟು ಪಾಲನ್ನು ಮೀರುವಂತಿಲ್ಲ. ಲೆಕ್ಕ ಜನಾಂಗದ್ದು, ಧರ್ಮದ್ದಲ್ಲ. ಆದರೂ ಒಂದು ಕೇರಿ ಪೂರ್ತಿ ಒಂದೇ ದೇವರ ಕೇರಿ ಆಗದಂತೆ ಇದು ತಡೆದಿದೆ. ಇದಕ್ಕೆ ಬೆಲೆಯೂ ಇದೆ. ಚೀನೀಯರ ಪಾಲು ತುಂಬಿದ ಕಟ್ಟಡದಲ್ಲಿ ಭಾರತೀಯರು ಮನೆ ಮಾರಬೇಕೆಂದರೆ ಚೀನೀಯರಿಗೆ ಮಾರುವಂತಿಲ್ಲ; ಕೊಳ್ಳುವವರು ಕಡಿಮೆಯಾಗಿ ಬೆಲೆ ಇಳಿಯುತ್ತದೆ. ತೀರಾ ಕಷ್ಟಕ್ಕೆ ಸಿಕ್ಕಿದವರ ಮನೆಯನ್ನು ಎಚ್‌ಡಿಬಿಯೇ ಕೊಳ್ಳುವ ದಾರಿಯನ್ನು 2022ರಲ್ಲಿ ತೆರೆದರು. ಇಷ್ಟಾದರೂ ಈ ನಿಯಮ ಇರಲೇಬೇಕು ಎನ್ನುವವಳು ನಾನು. ಒಂದೇ ಲಿಫ್ಟಿನಲ್ಲಿ ಇಪ್ಪತ್ತು ವರ್ಷ ಏರಿಳಿದವರ ಬಗ್ಗೆ ಯಾರೇನೇ ಹೇಳಿದರೂ ನಾವು ಸುಲಭಕ್ಕೆ ನಂಬುವುದಿಲ್ಲ.

ನಾಲಿಗೆಗೂ ಇಲ್ಲಿ ಕಟ್ಟುಪಾಡಿದೆ, ಅದನ್ನು ನೀನು ಹಗುರವಾಗಿ ತೆಗೆದುಕೊಳ್ಳಬಾರದು. ಧಾರ್ಮಿಕ ಸಾಮರಸ್ಯ ಕಾಪಾಡುವುದಕ್ಕೆಂದೇ 1990ರಲ್ಲಿ ಕಾಯ್ದೆ ಬಂದಿದೆ. 2017ರಲ್ಲಿ ಭಾರತದಿಂದ ಬಂದಿದ್ದ ಇಮಾಮರೊಬ್ಬರು ಶುಕ್ರವಾರದ ಪ್ರಾರ್ಥನೆಯಲ್ಲಿ ಯಹೂದ್ಯರ, ಕ್ರೈಸ್ತರ ವಿರುದ್ಧ ಮಾತಾಡಿದ್ದಕ್ಕೆ 4,000 ಡಾಲರ್ ದಂಡ ತೆತ್ತು ದೇಶ ಬಿಡಬೇಕಾಯಿತು. 2010ರಲ್ಲಿ ಬೌದ್ಧರ ನಂಬಿಕೆಯನ್ನು ಹೀಗಳೆದ ಪಾದ್ರಿಯೊಬ್ಬರನ್ನು ಆಂತರಿಕ ಭದ್ರತಾ ಇಲಾಖೆ ಕರೆಸಿಕೊಂಡಿತು, ಅವರು ಕ್ಷಮೆ ಕೇಳಿದರು. ಊರಿನಿಂದ ನಿನ್ನ ಮೊಬೈಲಿಗೆ ಬರುವ ಬೆಂಕಿಯಂಥ ಸಂದೇಶಗಳನ್ನು ಇಲ್ಲಿ ಯಾರಿಗೂ ದಾಟಿಸಬೇಡ. ಶಿಕ್ಷೆಯ ಭಯಕ್ಕೆ ಮಾತ್ರ ಹೇಳುತ್ತಿಲ್ಲ. ಎಡಗಡೆಯ ಮನೆಯವರ ಮುಖ ನೋಡಿ ಹೇಳಲಾಗದ ಮಾತು ನಿನ್ನ ಕೈಯಲ್ಲೂ ಇರಬಾರದು.

ಆದರೆ ತಮ್ಮಾ, ಈ ಕಾನೂನೆಲ್ಲ ಹೊಸ್ತಿಲವರೆಗೆ. ಹೊಸ್ತಿಲೊಳಗೆ ಯಾವ ಕಾಯ್ದೆಯೂ ಬಂದು ಕೂರುವುದಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳುವುದೊಂದೇ ದಾರಿ.

ಇದನ್ನು ನನಗೆ ಮೊದಲು ಕಲಿಸಿದವರು ನಮ್ಮ ಮೊದಲ ಮನೆಯ ನೆರೆಯ ಮಲಯ್ ಹೆಂಗಸು. ಹಿರಿಯ ಹೆಂಗಸರನ್ನು ಇಲ್ಲಿ ಮಕ್ಚಿಕ್ ಎನ್ನುತ್ತಾರೆ. ಒಂದು ವರ್ಷ ದೀಪಾವಳಿಗೆ ಕರ್ಚಿಕಾಯಿ, ಶೇಂಗಾ ಹೋಳಿಗೆ ಕೊಡಲು ಹೋಗಿ ಬಾಗಿಲಲ್ಲೇ ತಡವರಿಸುತ್ತಾ ನಿಂತೆ, ಇವರು ನಮ್ಮ ಮನೆಯದನ್ನು ತಿನ್ನುತ್ತಾರೋ ಇಲ್ಲವೋ ಎಂದು. ಅವರೇ ಕೇಳಿದರು: ನಿಮ್ಮ ಮನೆಯಲ್ಲಿ ಮಾಂಸ ಮಾಡುತ್ತೀರಾ, ಇದರಲ್ಲಿ ಏನೇನಿದೆ? ಹೇಳಿದೆ. ತಟ್ಟೆ ಇಸಿದುಕೊಂಡು ಅವರು ಕೇಳಿದ ಮುಂದಿನ ಪ್ರಶ್ನೆ, ನೀವು ಮೊಟ್ಟೆ ತಿನ್ನುತ್ತೀರಾ ಎಂಬುದು. ಮುಂದೆ ಬಂದ ಹರಿ ರಾಯಾ ಹಬ್ಬಕ್ಕೆ, ಅಂದರೆ ಅವರ ರಂಜಾನಿಗೆ, ನಮ್ಮ ತಟ್ಟೆ ಮೊಟ್ಟೆಯಿಲ್ಲದ ಅನಾನಸ್ ಸಿಹಿಯೊಂದಿಗೆ ಮರಳಿ ಬಂತು. ನಾನು ಸಂಕೋಚಪಟ್ಟು ಹಿಂದೆ ಸರಿದಿದ್ದರೆ ಹತ್ತು ವರ್ಷ ಮುಗುಳ್ನಗೆಯಲ್ಲೇ ಕಳೆದುಹೋಗುತ್ತಿತ್ತು. ಹೋಗಿ ಕೇಳು. ಏನು ತಿನ್ನುತ್ತೀರಿ ಎಂದು ಕೇಳಿದರೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಕರ್ ಸೆಂಟರು ಎನ್ನುವ ಊಟದಂಗಡಿಗಳ ಸಾಲಿನಲ್ಲಿ ತಟ್ಟೆ ಹಿಂದಿರುಗಿಸುವ ಜಾಗವೂ ಹಲಾಲಿಗೆ ಬೇರೆ, ಉಳಿದದ್ದಕ್ಕೆ ಬೇರೆ ಇರುವುದನ್ನು ನೀನೇ ನೋಡಿರುತ್ತೀಯೆ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ.

ಮದುವೆಯ ನೋಂದಣಿ ಇಲ್ಲಿ ಕಷ್ಟವಲ್ಲ. 1961ರಲ್ಲಿ ಬಂದ ಮಹಿಳಾ ಸನ್ನದು ಎಂಬ ಕಾಯ್ದೆಯಡಿ ಬೇರೆಬೇರೆ ಧರ್ಮದ ಇಬ್ಬರು ಯಾರೂ ಮತ ಬದಲಿಸದೆ ಮದುವೆಯಾಗಬಹುದು. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇರುವ ಹಾಗೆ. ಮುಸ್ಲಿಂ ಕಾನೂನಿನ ಮದುವೆಗೆ ಬೇರೆಯೇ ನೋಂದಣಿ ಕಚೇರಿಯಿದೆ. ನನ್ನ ಮಗನ ಮದುವೆಯ ದಿನ ಬೆಳಿಗ್ಗೆ ಸೊಸೆಯ ತವರಿನಲ್ಲಿ ಹಿರಿಯರಿಗೆ ಮಂಡಿಯೂರಿ ಚಹಾ ಕೊಡುವ ಶಾಸ್ತ್ರ, ಮಧ್ಯಾಹ್ನ ನಮ್ಮವರ ಅಕ್ಕಿಕಾಳು, ಸಂಜೆ ಅವಳ ಚರ್ಚಿನವರ ಪ್ರಾರ್ಥನೆ. ಒಂದು ದಿನದ ಮಟ್ಟಿಗೆ ಎಲ್ಲರೂ ಸೊಗಸಾಗಿ ಹೊಂದಿಕೊಂಡರು. ಒಂದು ದಿನ ಹೊಂದಿಕೊಳ್ಳುವುದು ಯಾರಿಗೂ ಕಷ್ಟವಲ್ಲ.

ನಿನಗೆ ಬಹುಶಃ ತಿಳಿಯದ ಸಂಗತಿಯೊಂದಿದೆ. ನೀನು ಮದುವೆಯಾಗುವ ಹುಡುಗಿಯ ಮನೆಯಲ್ಲೇ ಎರಡು ಮೂರು ಧರ್ಮಗಳಿರಬಹುದು. 2020ರ ಜನಗಣತಿಯಲ್ಲಿ ಇಲ್ಲಿ ಬೌದ್ಧರು ನೂರಕ್ಕೆ 31, ಕ್ರೈಸ್ತರು 19, ಮುಸ್ಲಿಮರು 16ರ ಹತ್ತಿರ, ತಾವೋ ಮತದವರು 9ರ ಹತ್ತಿರ, ಹಿಂದೂಗಳು 5. ಯಾವ ಧರ್ಮವೂ ಇಲ್ಲ ಎಂದು ಬರೆಸಿದವರು 20. ಚೀನೀ ಮನೆಗಳಲ್ಲಿ ಈ ಅಂಕಿಗಳು ಒಂದೇ ಊಟದ ಮೇಜಿನ ಸುತ್ತ ಕುಳಿತಿರುತ್ತವೆ. ನನ್ನ ಸೊಸೆಯ ಅಜ್ಜಿ ತಾವೋ ದೇವರುಗಳಿಗೆ ನಡೆದುಕೊಳ್ಳುತ್ತಿದ್ದರು, ತಾಯಿ ಬೌದ್ಧರು, ತಂದೆ ಯಾವುದಕ್ಕೂ ಇಲ್ಲ. ಸೊಸೆ ಮಿಷನ್ ಶಾಲೆಯಲ್ಲಿ ಓದುವಾಗ ಕ್ರೈಸ್ತಳಾದವಳು. ನಮ್ಮ ಮನೆಗೆ ಬರುವ ಮೊದಲೇ ತನ್ನ ಮನೆಯಲ್ಲಿ ಅವಳು ಒಂಟಿಯಾಗಿದ್ದಳು. ಇದು ನನಗೆ ಅರ್ಥವಾದದ್ದು ಅವಳ ಅಜ್ಜಿ ತೀರಿಕೊಂಡಾಗ.

ಎಚ್‌ಡಿಬಿ ಕಟ್ಟಡದ ಕೆಳಗೆ ಖಾಲಿ ಬಿಟ್ಟ ಜಾಗವಿದೆಯಲ್ಲ, ವಾಯ್ಡ್ ಡೆಕ್, ಚೀನೀಯರ ಶವ ಅಲ್ಲೇ ದಿನಗಟ್ಟಲೆ ಇರುತ್ತದೆ. ಮಲಯ್ ಜನರ ಮದುವೆಗಳೂ ಅಲ್ಲೇ ಆಗುತ್ತವೆ. ಐದು ದಿನದ ಶೋಕದಲ್ಲಿ ಮನೆಯವರು ರಾತ್ರಿಯಿಡೀ ಕುಳಿತು ಚಿನ್ನದ ಬಣ್ಣದ ಕಾಗದ ಮಡಿಸುತ್ತಾರೆ, ಪರಲೋಕದಲ್ಲಿ ಹಿರಿಯರ ಖರ್ಚಿಗೆ ಎಂದು. ಮೊಮ್ಮಕ್ಕಳು ಊದಿನಕಡ್ಡಿ ಹಿಡಿದು ನಮಸ್ಕರಿಸಬೇಕು. ಸೊಸೆಯ ನಂಬಿಕೆಗೆ ಅದು ಒಗ್ಗುವುದಿಲ್ಲ. ಚೀನೀ ಮನೆಗಳಲ್ಲಿ ಈ ಒಂದು ಕಡ್ಡಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾನು ಕೇಳಿದ್ದೇನೆ. ಅವಳ ಚಿಕ್ಕಪ್ಪನ ಮುಖವೂ ಬಿಗಿದಿತ್ತು. ಆಗ ಅವಳ ತಾಯಿ ಎದ್ದು ಎಲ್ಲರ ಮುಂದೆ ಹೇಳಿದರು: ಇದನ್ನು ಇವಳು ಅತ್ತೆ ಬದುಕಿದ್ದಾಗಲೇ ಕೇಳಿದ್ದಾಳೆ, ಹೂವಿಟ್ಟು ತಲೆಬಾಗಿದರೆ ಸಾಕು ಎಂದು ಅತ್ತೆಯೇ ಹೇಳಿದ್ದಾರೆ. ಅಲ್ಲಿಗೆ ಮಾತು ಮುಗಿಯಿತು. ಸೊಸೆ ಬಿಳಿ ಹೂವಿಟ್ಟು ಬಾಗಿದಳು. ಪಕ್ಕದಲ್ಲಿ ನನ್ನ ಮಗ ಊದಿನಕಡ್ಡಿ ಹಿಡಿದು ನಿಂತಿದ್ದ. ಅವನಿಗೆ ಅದರಲ್ಲಿ ಅಡ್ಡಿಯೇನೂ ಕಾಣಲಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು, ನೀವು ಸತ್ತಾಗ ನಾನು ಏನು ಮಾಡಲಿ ಎಂದು ಕೇಳುವುದು ಎಷ್ಟು ಕಷ್ಟವೋ ಊಹಿಸು. ಆ ಹುಡುಗಿ ಕೇಳಿದ್ದಳು. ಅಂದಿನಿಂದ ಅವಳ ಮೇಲೆ ನನಗೆ ಗೌರವ ಹೆಚ್ಚಿತು.

ಅದನ್ನು ಕಂಡ ಮೇಲೆ ನಾವಿಬ್ಬರೂ ನಮ್ಮ ವಿಷಯವನ್ನೂ ಮಗ ಸೊಸೆಗೆ ಹೇಳಿದೆವು. ನಾವು ಲಿಂಗಾಯತರು, ನಮ್ಮಲ್ಲಿ ಹೂಳುತ್ತಾರೆ. ಹಿಂದೂಗಳೆಂದರೆ ಸುಡುವವರು ಎಂದೇ ಸೊಸೆ ತಿಳಿದಿದ್ದಳು. ಇಲ್ಲಿ ಈಗ ಹೂಳಲು ಉಳಿದಿರುವುದು ಚೊವಾ ಚು ಕಾಂಗ್ ಸ್ಮಶಾನವೊಂದೇ, ಅಲ್ಲೂ 15 ವರ್ಷಕ್ಕೆ ಸಮಾಧಿ ತೆಗೆಯುತ್ತಾರೆ. ಅದೆಲ್ಲವನ್ನೂ ಬರೆದಿಟ್ಟಿದ್ದೇವೆ.

ಮಕ್ಕಳ ವಿಷಯವನ್ನು ಮದುವೆಗೆ ಮೊದಲೇ ಮಾತಾಡಿ ಮುಗಿಸು. ಮಗ ಸೊಸೆ ಮಾಡಿಕೊಂಡ ಒಪ್ಪಂದ ಹೀಗಿದೆ: ಮಗುವಿಗೆ ದೀಕ್ಷಾಸ್ನಾನವೂ ಬೇಡ, ಲಿಂಗಧಾರಣೆಯೂ ಬೇಡ, ಎರಡನ್ನೂ ನೋಡುತ್ತಾ ಬೆಳೆಯಲಿ, ದೊಡ್ಡವನಾದ ಮೇಲೆ ತಾನೇ ಹೇಳಲಿ. ಅವರು ನನ್ನನ್ನು ಕೂರಿಸಿಕೊಂಡು ಹೇಳಿದ ದಿನ ನಾನು ಒಪ್ಪಿದೆ. ಆದರೆ ಮೊಮ್ಮಗ ಹುಟ್ಟಿ, ಅವನನ್ನು ಎರೆದು ತೊಡೆಯ ಮೇಲೆ ಹಾಕಿಕೊಂಡಾಗ ಆ ಬರಿ ಎದೆ ನೋಡಿ ಬಹಳ ಅತ್ತಿದ್ದೇನೆ. ನಮ್ಮ ಅಜ್ಜ, ಮುತ್ತಜ್ಜ ಎಲ್ಲರ ಎದೆಯ ಮೇಲಿದ್ದದ್ದು ಇವನಲ್ಲಿಗೆ ನಿಂತಿತು ಎಂಬ ನೋವು ಈಗಲೂ ಹೋಗಿಲ್ಲ. ನಿನ್ನ ಅವ್ವನಿಗೂ ಇಂಥದೊಂದು ನೋವಾಗುತ್ತದೆ, ನಿನ್ನ ಹುಡುಗಿಯ ತಾಯಿಗೂ ಆಗುತ್ತದೆ. ಆಗುವುದಿಲ್ಲ ಎಂದು ಅವರಿಗೆ ಮಾತು ಕೊಡಬೇಡ. ಮೊದಲೇ ತಿಳಿದಿದ್ದರಿಂದ ನನ್ನ ನೋವು ಸೊಸೆಯ ಮೇಲಿನ ಸಿಟ್ಟಾಗಲಿಲ್ಲ. ಈಗ ಅವನಿಗೆ ಮೂರು ವರ್ಷ. ನಾನು ಇಷ್ಟಲಿಂಗ ಪೂಜೆಗೆ ಕುಳಿತರೆ ಬಂದು ಪಕ್ಕದಲ್ಲಿ ಎಡಗೈ ಚಾಚಿ ಕೂರುತ್ತಾನೆ, ವಿಭೂತಿ ಹಚ್ಚು ಎನ್ನುತ್ತಾನೆ. ಭಾನುವಾರ ಚರ್ಚಿನಿಂದ ಬಂದು ಅಲ್ಲಿ ಕಲಿತ ಹಾಡನ್ನು ನನಗೆ ಕಲಿಸುತ್ತಾನೆ.

ಇನ್ನು ಅವ್ವನ ವಿಷಯ. ಅವಳು ಬರುವ ಹೊತ್ತಿಗೆ ಚೀನೀ ಪಂಚಾಂಗದ ಏಳನೆಯ ತಿಂಗಳು ನಡೆದಿರುತ್ತದೆ. ಕಟ್ಟಡದ ಕೆಳಗೆ ಡಬ್ಬಗಳಲ್ಲಿ ಕಾಗದ ಉರಿಸುತ್ತಾರೆ, ಹುಲ್ಲಿನ ಮೇಲೆ ಅನ್ನ, ಹಣ್ಣು, ಮೇಣದಬತ್ತಿ ಇಟ್ಟಿರುತ್ತಾರೆ. ಬಯಲಲ್ಲಿ ಹಾಡಿನ ಕಾರ್ಯಕ್ರಮವಿದ್ದರೆ ಮುಂದಿನ ಸಾಲಿನ ಕುರ್ಚಿಗಳು ಖಾಲಿ, ಅವು ಸತ್ತವರಿಗೆ. ಅಲ್ಲಿ ಕೂರಬೇಡಿ, ಇಟ್ಟ ಎಡೆಯನ್ನು ತುಳಿಯಬೇಡಿ. ಭೂತ ಗೀತ ಎಂದು ಅವಳಿಗೆ ಹೇಳಿ ಹೆದರಿಸಬೇಡ. ನಮ್ಮ ಮಾನೌಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದೇ ಇದು ಎಂದು ಹೇಳು, ತಟ್ಟನೆ ತಿಳಿಯುತ್ತದೆ. ನಿನ್ನ ಅವ್ವ ನಮ್ಮ ಕಡೆಯವಳು. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿದ್ದನ್ನು, ಹರಕೆ ಹೊತ್ತು ಮಕ್ಕಳನ್ನು ಫಕೀರರನ್ನಾಗಿ ಮಾಡಿದ್ದನ್ನು ಕಂಡೇ ಬೆಳೆದಿರುತ್ತಾಳೆ. ನಿನಗಿಂತ ಅವಳಿಗೆ ಈ ಊರು ಬೇಗ ಅರ್ಥವಾದೀತು.

ಅವಳನ್ನು ವಾಟರ್ಲೂ ಬೀದಿಗೆ ಕರೆದುಕೊಂಡು ಹೋಗು. ಕೃಷ್ಣನ ಗುಡಿ, ಪಕ್ಕದಲ್ಲೇ ಕ್ವಾನ್ ಇಮ್ ದೇವಿಯ ಚೀನೀ ಗುಡಿ, ಅದೇ ಬೀದಿಯಲ್ಲಿ ಮುಂದೆ ಯಹೂದ್ಯರ ಪ್ರಾರ್ಥನಾ ಮಂದಿರ. ಕ್ವಾನ್ ಇಮ್‌ಗೆ ಕೈಮುಗಿದ ಚೀನೀ ಹೆಂಗಸರು ಅದೇ ಊದಿನಕಡ್ಡಿ ಹಿಡಿದು ಕೃಷ್ಣನ ಮುಂದೆ ಬಂದು ನಿಲ್ಲುತ್ತಾರೆ. ಅವ್ವ ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಲಿ. ಸಾಧ್ಯವಾದರೆ ಆ ಹುಡುಗಿಯೂ ಜೊತೆಗಿರಲಿ, ಬರೀ ಗೆಳತಿ ಎಂದು ಸುಳ್ಳು ಹೇಳಬೇಡ. ಆಮೇಲೆ ಮೂವರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ನಿನ್ನ ಅವ್ವ ನನ್ನನ್ನು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಆ ಬರಿ ಎದೆಯ ಸಂಗತಿಯನ್ನೂ. ಹುಡುಗಿ ಬೆಳ್ಳುಳ್ಳಿ ತಿನ್ನುತ್ತಾಳೋ ಇಲ್ಲವೋ, ಅದನ್ನು ಮಾತ್ರ ಮೊದಲೇ ಕೇಳಿ ತಿಳಿಸು.