ಸಂಸಾರ ಸಮೇತ ಜರ್ಮನಿಗೆ ಹೋಗ್ತಿದ್ದೇವೆ. ನಮ್ಮ ಅಡುಗೆ ವಾಸನೆಗೆ ಅಕ್ಕಪಕ್ಕದವರು ಮುಖಕ್ಕೆ ಹೊಡೆದ ಹಾಗೆ ಹೇಳ್ತಾರಂತೆ, ನಿಜವಾ? ಭಾರತೀಯರು ಜಾಸ್ತಿ ಇರುವ ಕಡೆಯೇ ಮನೆ ಹಿಡಿಯೋದು ಒಳ್ಳೇದಾ?

ಈ ವಾಸನೆಯ ಭಯಕ್ಕೆ ನಾವು 1,100 ಯೂರೋ ತೆತ್ತಿದ್ದೇವೆ ಮಾರಾಯ್ರೆ.

2016ರ ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ಬಂದೆವು. ನಾನು, ನಮ್ಮನೆಯವರು, ನಾಲ್ಕು ವರ್ಷದ ಮಗಳು. ನಾನು ತೀರ್ಥಹಳ್ಳಿ ಕಡೆಯವಳು, ಬೆಳಗ್ಗೆ ಕಡುಬಿನ ಹಬೆ ಏಳದಿದ್ದರೆ ದಿನವೇ ಶುರುವಾಗೋದಿಲ್ಲ. ಮಧ್ಯಾಹ್ನ ಕುಕ್ಕರ್, ರಾತ್ರಿ ಬಿಸಿ ಸಾರು. ಒಲೆ ಮೇಲೆ ಚಿಮಣಿ ಇತ್ತು. ಆದರೆ ಅದು ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿ ಅಂತ ಗೊತ್ತಾಗಿದ್ದು ಮನೆ ಖಾಲಿ ಮಾಡುವಾಗ!

ನವೆಂಬರಿನಲ್ಲಿ ಒಂದು ದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರು. ನಗು ಇಲ್ಲ, ಪೀಠಿಕೆ ಇಲ್ಲ. ನಮ್ಮ ಮನೆ ಕಡೆ ಕೈ ತೋರಿಸಿ 'ಲ್ಯುಫ್ಟನ್' ಅಂದರು. ಕಿಟಕಿ ತೆಗೆದು ಗಾಳಿ ಆಡಿಸಿ ಅಂತ. ನಮಗೆ ಕೇಳಿಸಿದ್ದು 'ನಿಮ್ಮ ಮನೆ ನಾರ್ತಿದೆ' ಅಂತ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನದಿಂದ ಒಗ್ಗರಣೆ ಹಾಕುವ ಮೊದಲು ಎಲ್ಲ ಕಿಟಕಿ ಭದ್ರ ಮಾಡಿ, ಮುಂಬಾಗಿಲ ಸಂದಿಗೆ ಟವೆಲ್ ತುರುಕಿದೆ. ಅವರು ತೆಗೆ ಅಂದಿದ್ದು, ನಾನು ಮುಚ್ಚಿದ್ದು.

ನಾನೇನು ದಡ್ಡಿಯಲ್ಲ. ಮಲೆನಾಡಿನಲ್ಲಿ ಬೆಳೆದವಳಿಗೆ ಬೂಷ್ಟು ಹೊಸದಲ್ಲ. ಜುಲೈನಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯೋದು ನೋಡಿಕೊಂಡೇ ಬಂದವಳು. ಎಡವಟ್ಟಾಗಿದ್ದು ಅಲ್ಲೇ. ನಮ್ಮಲ್ಲಿ ತೇವ ಇರೋದು ಹೊರಗೆ. ಮಳೆಗಾಲದಲ್ಲಿ ಕಿಟಕಿ ತೆಗೆದರೆ ತೇವದ ಗಾಳಿ ಒಳಗೆ ನುಗ್ತದೆ, ಅದಕ್ಕೇ ಮುಚ್ಚುತ್ತೇವೆ. ಜರ್ಮನಿಯ ಚಳಿಗಾಲ ಇದರ ಉಲ್ಟಾ. ಹೊರಗಿನ ಗಾಳಿ ಎಷ್ಟು ತಣ್ಣಗಿರ್ತದೋ ಅದರಲ್ಲಿ ನೀರು ಅಷ್ಟು ಕಮ್ಮಿ. ನೀರೆಲ್ಲ ಇರೋದು ಮನೆಯೊಳಗೆ: ಕುಕ್ಕರಿನ ಹಬೆ, ಬಿಸಿನೀರಿನ ಸ್ನಾನ, ಹೀಟರ್ ಪಕ್ಕ ಒಣಹಾಕಿದ ಬಟ್ಟೆ, ಮೂರು ಜನರ ಉಸಿರು. ಅಷ್ಟೂ ಹೋಗಿ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗ್ತದೆ. ಬೆಳಗ್ಗೆ ಕಿಟಕಿ ಗಾಜಿನ ಒಳಗಡೆ ಹನಿ ಇಳಿಯುತ್ತಿತ್ತು. 'ಅಬ್ಬಾ, ಹೊರಗೆ ಎಂಥ ಥಂಡಿ' ಅಂತ ಒರೆಸಿ, ಇನ್ನೂ ಗಟ್ಟಿ ಮುಚ್ಚುತ್ತಿದ್ದೆ. ಎರಡು ಚಳಿಗಾಲ ಹೀಗೇ.

2018ರಲ್ಲಿ ಮನೆ ಬಿಡುವಾಗ ಬೀರು ಸರಿಸಿದೆವು. ಹಿಂದಿನ ಗೋಡೆ ಸೊಂಟದೆತ್ತರ ಕಪ್ಪು. ಮಗಳು ಮಲಗುತ್ತಿದ್ದ ಮೂಲೆಯೂ ಅಷ್ಟೇ. ಅಲ್ಲಿ ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳಬಹುದು, ನಾವು 2,700 ಯೂರೋ ಕೊಟ್ಟಿದ್ದೆವು. ಗೋಡೆ ರಿಪೇರಿಗೆ ಅಂತ 1,100 ಹಿಡಿದುಕೊಂಡು ಉಳಿದಿದ್ದು ವಾಪಸ್ ಕೊಟ್ಟರು. ದಿನಾ ಗಾಳಿ ಆಡಿಸಬೇಕು ಅಂತ ಕರಾರಿನಲ್ಲೇ ಬರೆದಿತ್ತು. ಓದದೆ ಸಹಿ ಹಾಕಿದ್ದು ನಾವು.

ಬೀಳ್ಕೊಡಲು ಬಂದ ಅಜ್ಜಿ ಆ ಗೋಡೆ ನೋಡಿ, ಹೇಳಿದ್ದೆನಲ್ಲ ಅಂದರು. ನಮ್ಮ ಕಿಟಕಿಯಲ್ಲಿ ನೀರಿಳಿಯೋದು ಅವರಿಗೆ ಬೀದಿಯಿಂದಲೇ ಕಾಣ್ತಿತ್ತಂತೆ. ಸಾರಿನ ವಾಸನೆ? ಚೆನ್ನಾಗಿತ್ತಲ್ಲ, ಏನು ಹಾಕ್ತೀರಿ ಅಂತ ಕೇಳಿದರು! ಅವರು ನಿಜವಾಗಿ ಬೈದಿದ್ದು ಎರಡೇ ಸಲ, ಅದೂ ಭಾನುವಾರದ ಸದ್ದಿಗೆ. ಭಾನುವಾರ ಗೋಡೆಗೆ ಡ್ರಿಲ್ ಹಾಕಿದಾಗ, ಇನ್ನೊಂದು ಭಾನುವಾರ ಗಾಜಿನ ಬಾಟಲಿ ಬೀದಿಯ ಡಬ್ಬಕ್ಕೆ ಎಸೆಯಲು ಹೊರಟಾಗ. (ಮೂರನೇದು ಬೈಗುಳವಲ್ಲ. ಅವರ ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಶುಭಾಶಯ ಹೇಳಿಬಿಟ್ಟೆ, ಮುಖ ಬಾಡಿಹೋಯ್ತು. ಅಲ್ಲಿ ಅದು ಅಪಶಕುನ.)

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮುಖಕ್ಕೆ ಹೇಳ್ತಾರೆ, ಹೌದು. ಹೇಳಿದ್ದಷ್ಟೇ ಅದರ ಅರ್ಥ. ಒಳಗೊಂದು ಹೊರಗೊಂದು ಹುಡುಕೋದು ನಮ್ಮ ಅಭ್ಯಾಸ. ನಮ್ಮವರ ಪಕ್ಕದಲ್ಲೇ ಮನೆ ಇದ್ದಿದ್ದರೆ ಏನಾಗ್ತಿತ್ತು? ನಮಗೆ ಗೊತ್ತಿದ್ದ ಬೆಂಗಳೂರಿನ ಸಂಸಾರವೂ ಕಿಟಕಿ ಮುಚ್ಚಿಕೊಂಡೇ ಕೂತಿತ್ತು. ಅವರ ಬಚ್ಚಲಮನೆಯಲ್ಲೂ ಅದೇ ಕಪ್ಪು.

ಹಾಗಾಗಿ ಮನೆ ನೋಡುವಾಗ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಬಿಡಿ, ಹೊರಗೋಡೆಯನ್ನು ಒಳಗಿನಿಂದ ಮುಟ್ಟಿ ತಣ್ಣಗಿದೆಯಾ ನೋಡಿ. ಬೀರು ಅದಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ. ದಿನಕ್ಕೆ ಮೂರು ಸಲ ಹೀಟರ್ ಆರಿಸಿ, ಎದುರುಬದುರು ಕಿಟಕಿ ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ ಇಡಿ. ಅಡುಗೆ, ಸ್ನಾನ ಆದ ಮೇಲಂತೂ ತಪ್ಪಿಸಬೇಡಿ. ಅಲ್ಲಿನ ಕಿಟಕಿ ಮೇಲಿಂದ ಓರೆಯಾಗಿಯೂ ತೆರೀತದೆ, ಅದನ್ನು ಇಡೀ ದಿನ ಹಾಗೇ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಜಾಸ್ತಿ. ತೇವ ಅಳೆಯುವ ಸಣ್ಣ ಮೀಟರ್ ಸಿಗ್ತದೆ, ಶೇಕಡಾ 60 ದಾಟಿದರೆ ಎದ್ದು ಕಿಟಕಿ ತೆಗೆಯಿರಿ.

ದೋಸೆ ಹಿಟ್ಟು ಮಾತ್ರ ಆ ಚಳಿಗೆ ಹುಳಿ ಬರೋದಿಲ್ಲ. ಓವನ್ ಆನ್ ಮಾಡದೆ ಒಳಗಿನ ಲೈಟ್ ಮಾತ್ರ ಹಾಕಿ, ರಾತ್ರಿ ಪಾತ್ರೆ ಅದರೊಳಗೆ ಇಡಿ. ಉಕ್ಕಿ ಚೆಲ್ಲಿದರೆ ಒರೆಸೋದು ಕಷ್ಟ, ಪಾತ್ರೆಯ ಕೆಳಗೆ ತಟ್ಟೆ ಇರಲಿ.