ದೀಪ ಅಪ್ಪಣೆ ಕೊಡಬಾರದು

ಓದುಗರೊಬ್ಬರ ಪತ್ರ: "ಚಾಲಕರಿಲ್ಲದ ಕಾರು ಎದುರಾದರೆ ರಸ್ತೆ ದಾಟುವುದೋ ಬಿಡುವುದೋ ತಿಳಿಯುವುದಿಲ್ಲ. ಕೈಸನ್ನೆ ಮಾಡುವವರು ಒಳಗಿಲ್ಲ. ಮುಂಭಾಗಕ್ಕೆ ಒಂದು ಪರದೆ ಹಾಕಿ 'ದಾಟಿ' ಎಂದು ಬರೆಸಿದರೆ, ಹಸಿರು ದೀಪ ಬೆಳಗಿಸಿದರೆ ಮುಗಿಯಿತಲ್ಲ? ಅಂದಹಾಗೆ, ಸೆನ್ಸರ್‌ಗಳಿಂದಲೇ ನೋಡುವ ಕಾರಿಗೆ ಕಣ್ಣು ಕುಕ್ಕುವ ಹೆಡ್‌ಲೈಟ್ ಇನ್ನೂ ಯಾಕೆ?"

ಸಂಪಾದಕರ ಉತ್ತರ:

ನಿಮ್ಮ ಆತಂಕ ನಿಜ. ಮದ್ದು ಮಾತ್ರ ಸರಿಯಿಲ್ಲ.

ಕಾರಿನ ಮೇಲೆ ಅಕ್ಷರಕ್ಕೆ ಜಾಗವೇ ಇಲ್ಲ ಎನ್ನುತ್ತಿಲ್ಲ. ಅಮೆರಿಕದ ವೇಮೊ ಕಂಪನಿಯ ಚಾಲಕರಿಲ್ಲದ ಟ್ಯಾಕ್ಸಿಯ ನೆತ್ತಿಯ ಮೇಲೆ ಪ್ರಯಾಣಿಕರ ಹೆಸರಿನ ಮೊದಲಕ್ಷರ ಬೆಳಗುತ್ತದೆ. ತನ್ನ ಕಾರು ಯಾವುದೆಂದು ಹುಡುಕುವವರಿಗೆ ಅದು ಉಪಕಾರ. ಆದರೆ 'ದಾಟಿ' ಎನ್ನುವುದು ಅಪ್ಪಣೆ. ಪಕ್ಕದ ಲೇನ್‌ನಲ್ಲಿ ನುಗ್ಗಿಬರುವ ಬೈಕಿನ ಪರವಾಗಿ ಈ ಕಾರು ಮಾತು ಕೊಡಲಾರದು. ರಸ್ತೆಯಂಚಿನಲ್ಲಿ ಮೂವರು ನಿಂತಿದ್ದರೆ ಹೇಳಿದ್ದು ಯಾರಿಗೆ? ವಾಹನ ತನ್ನ ಬಗ್ಗೆ ಮಾತ್ರ ಹೇಳಬಹುದು: ನಿಧಾನಿಸುತ್ತಿದ್ದೇನೆ, ನಿಂತಿದ್ದೇನೆ, ಹೊರಡಲಿದ್ದೇನೆ. ಉಳಿದದ್ದು ದಾಟುವವರ ತೀರ್ಮಾನ.

2017ರಲ್ಲಿ ಫೋರ್ಡ್ ಕಂಪನಿ ಮತ್ತು ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆ ಸೇರಿ ಚಾಲಕನಿಗೆ ಸೀಟಿನಂತೆ ಕಾಣುವ ವೇಷ ತೊಡಿಸಿ, ಚಾಲಕನೇ ಇಲ್ಲವೆನಿಸುವ ವ್ಯಾನನ್ನು ರಸ್ತೆಗಿಳಿಸಿದ್ದವು. ವಿಂಡ್‌ಶೀಲ್ಡ್ ಮೇಲಂಚಿನಲ್ಲಿ ಒಂದು ಬಿಳಿ ದೀಪಪಟ್ಟಿ. ಎರಡು ಬೆಳಕು ಅತ್ತಿತ್ತ ಸರಿದರೆ ದಾರಿ ಬಿಡುತ್ತಿದೆ. ಬೇಗಬೇಗ ಮಿನುಗಿದರೆ ಹೊರಡಲಿದೆ. ಸ್ಥಿರವಾಗಿದ್ದರೆ ತಾನಾಗಿ ಓಡುತ್ತಿದೆ. ಮೂರೇ ಸಂಜ್ಞೆ, ಒಂದೂ ಅಕ್ಷರವಿಲ್ಲ. ಈ ಸಂಯಮ ನನಗೆ ಮೆಚ್ಚುಗೆ. ಅದಕ್ಕೂ ಎರಡು ವರ್ಷ ಮೊದಲು ಮರ್ಸಿಡಿಸ್‌ನ ಎಫ್ 015 ಮಾದರಿ ಕಾರು ಲೇಸರ್‌ನಿಂದ ರಸ್ತೆಯ ಮೇಲೆ ಜೀಬ್ರಾ ಪಟ್ಟೆಯನ್ನೇ ಬಿಡಿಸಿ ತೋರಿಸಿತ್ತು. ನೋಡಲು ಚಂದ. ಆದರೆ ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ ನಡುಹಗಲಿನ ಬಿಸಿಲು ಸುಮಾರು 1 ಲಕ್ಷ. ಹೆಡ್‌ಲೈಟ್ 10 ಮೀಟರ್ ದೂರಕ್ಕೆ ಚೆಲ್ಲುವುದು ಕೆಲವು ನೂರು. ಆ ಪಟ್ಟೆ ಯಾರ ಕಣ್ಣಿಗೂ ಬೀಳದು. ರಾತ್ರಿ ಮಳೆ ಬಂದಿತೆನ್ನಿ, ಒದ್ದೆ ಟಾರು ಕನ್ನಡಿಯಾಗಿ ಆ ಬೆಳಕನ್ನು ಎದುರು ಬರುವವರ ಕಣ್ಣಿಗೆ ಒಯ್ಯುತ್ತದೆ.

ಅಕ್ಷರದ ಲೆಕ್ಕವೂ ಕಷ್ಟದ್ದೇ. 1 ಸೆಂ.ಮೀ. ಎತ್ತರದ ಅಕ್ಷರವನ್ನು ಸಲೀಸಾಗಿ ಓದಲಾಗುವುದು ಸುಮಾರು ಮೂರೂವರೆ ಮೀಟರಿನಿಂದ. 40 ಮೀಟರಿನಿಂದ ಓದಿಸಬೇಕಾದರೆ 11 ಸೆಂ.ಮೀ. ಬೇಕು. ಗಂಟೆಗೆ 40 ಕಿ.ಮೀ. ವೇಗದ ಕಾರು ಆ ದೂರವನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸುತ್ತದೆ. ಓದಿ, ನಂಬಿ, ಹೆಜ್ಜೆ ಇಡುವುದು ಯಾವಾಗ? ಓದು ಬಾರದ ಮಗು ಮಾಡುವುದೇನು?

ಇನ್ನು ಹಸಿರು. ಕೆಂಪು, ಹಳದಿ, ಬಿಳಿ, ನೀಲಿ ಎಲ್ಲಕ್ಕೂ ರಸ್ತೆಯ ಮೇಲೆ ಈಗಾಗಲೇ ಕೆಲಸವಿದೆ. ಹಸಿರು ಸಿಗ್ನಲ್ ಕಂಬದ್ದು. ಆದ್ದರಿಂದಲೇ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ 2019ರ ಜೆ3134 ಶಿಫಾರಸು ಹಸಿರು-ನೀಲಿ ನಡುವಿನ ಟರ್ಕಾಯಿಸ್ ಬಣ್ಣವನ್ನು ಆರಿಸಿತು. 2023ರ ಕೊನೆಗೆ ಕ್ಯಾಲಿಫೋರ್ನಿಯಾ ಮತ್ತು ನೆವಾಡ ರಾಜ್ಯಗಳು ಮರ್ಸಿಡಿಸ್‌ಗೆ ಆ ದೀಪ ಹಾಕಲು ಒಪ್ಪಿಗೆ ಕೊಟ್ಟವು. ಮುಂದೆ, ಹಿಂದೆ, ಎರಡೂ ಕನ್ನಡಿಗಳಲ್ಲಿ ದೀಪ. ಅದು ಹೇಳುವುದು ಇಷ್ಟೇ: ಈಗ ಓಡಿಸುತ್ತಿರುವುದು ಯಂತ್ರ. ನಿಮಗಾಗಿ ನಿಲ್ಲುತ್ತದೆ ಎಂದಲ್ಲ. ಅದರಲ್ಲೂ ಒಂದು ತೊಡಕಿದೆ. ಕೆಂಪು-ಹಸಿರು ಭೇದವೇ ಕಾಣದವರಿಗೆ 490ರಿಂದ 500 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ, ಅಂದರೆ ಇದೇ ಹಸಿರು-ನೀಲಿ ನಡುವಿನ ಬೆಳಕು ಬಣ್ಣ ಕಳೆದುಕೊಂಡು ಬಿಳಿಯಂತೆ ತೋರುತ್ತದೆ. ಹಾಗಾಗಿ ಬಣ್ಣವೊಂದನ್ನೇ ನೆಚ್ಚಿಕೊಂಡರೆ ಆಗದು. ದೀಪದ ಜಾಗ, ಆಕಾರ, ಲಯಗಳೂ ಅದೇ ಮಾತು ಹೇಳಬೇಕು.

ಲಯದಲ್ಲೂ ಖಾಲಿ ಜಾಗ ಕಡಿಮೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗುತ್ತದೆ. ತುರ್ತು ಬ್ರೇಕಿನ ಸೂಚನೆ ಸೆಕೆಂಡಿಗೆ ಸುಮಾರು 4 ಸಲ. ಇವೆರಡನ್ನೂ ಹೋಲದಂತೆ ನಿಧಾನವಾಗಿ ಏರಿಳಿಯುವ ಬೆಳಕೇ ಲೇಸು. ಮಂಕು ಮಾಡಲು ಎಲ್‌ಇಡಿಯನ್ನು ಅತಿವೇಗವಾಗಿ ಆರಿಸಿ ಹೊತ್ತಿಸುತ್ತಾರೆ, ನಮ್ಮ ಕಣ್ಣಿಗೆ ತಿಳಿಯದು. ಆದರೆ ಸೆಕೆಂಡಿಗೆ 90 ಮಿಡಿತದ ದೀಪವನ್ನು ತಪ್ಪದೆ ಹಿಡಿಯಲು ಇನ್ನೊಂದು ಕಾರಿನ ಕ್ಯಾಮೆರಾ ಕನಿಷ್ಠ 11 ಮಿಲಿಸೆಕೆಂಡ್ ಕಣ್ಣು ತೆರೆದಿರಬೇಕು. ಬಿಸಿಲಲ್ಲಿ ಅದು ಅಷ್ಟು ಹೊತ್ತು ತೆರೆದಿರುವುದಿಲ್ಲ. ಉರಿಯುತ್ತಿರುವ ದೀಪ ಅದರ ಪಾಲಿಗೆ ಆರಿರುತ್ತದೆ. ಹಗಲಿನ ಪೂರ್ಣ ಪ್ರಕಾಶಕ್ಕೆ ಎಡೆಬಿಡದ ವಿದ್ಯುತ್ತನ್ನೇ ಹರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, 'ದಾರಿ ಬಿಡುತ್ತಿದ್ದೇನೆ' ಎಂಬ ದೀಪ ಕಂಪ್ಯೂಟರಿನ ಇರಾದೆಯನ್ನು ನಂಬಿ ಹೊತ್ತಬಾರದು. ಬ್ರೇಕಿನ ಒತ್ತಡ ಏರಿ, ಚಕ್ರದ ವೇಗ ನಿಜಕ್ಕೂ ಇಳಿಯತೊಡಗಿದ ಮೇಲಷ್ಟೇ ಹೊತ್ತಬೇಕು. ಮನಸ್ಸು ಬದಲಾದರೆ ಮೊದಲು ದೀಪ ಆರಬೇಕು, ಆಮೇಲೆ ಚಕ್ರ ತಿರುಗಬೇಕು. ಕೆಟ್ಟ ದೀಪಕ್ಕೆ ಅರ್ಥ ಒಂದೇ ಇರಲಿ: ಇಲ್ಲಿ ಯಾವ ಭರವಸೆಯೂ ಇಲ್ಲ.

ಹೆಡ್‌ಲೈಟಿಗೆ ಬರೋಣ. ಲೇಸರ್ ಬೀರಿ ದೂರ ಅಳೆಯುವ ಲೈಡಾರ್ ಸೆನ್ಸರ್ ತನ್ನ ಅವಗೆಂಪು ಬೆಳಕನ್ನು ತಾನೇ ತರುತ್ತದೆ, ಸರಿ. ಕ್ಯಾಮೆರಾಗಳಿಗೆ ಕಾಣುವ ಬೆಳಕೇ ಬೇಕು. ಅಷ್ಟೇ ಅಲ್ಲ, ಹೆಡ್‌ಲೈಟಿನ ಅರ್ಧ ಕೆಲಸ ಕಾಣಿಸಿಕೊಳ್ಳುವುದು. ಅದನ್ನು ನೀವು ಮರೆತಿರಿ. ಕುಕ್ಕುವುದಕ್ಕೆ ಪರಿಹಾರವೂ ಬಂದಿದೆ. 2013ರ ಆಡಿ ಎ8ರ ಒಂದೊಂದು ಹೆಡ್‌ಲೈಟಿನ ಹೈ ಬೀಮ್‌ಗೆ 25 ಎಲ್‌ಇಡಿ. ಎದುರು ಬಂದವರಿರುವ ಕಡೆಯವು ಮಾತ್ರ ಆರುತ್ತವೆ. ಮರ್ಸಿಡಿಸ್‌ನ ಡಿಜಿಟಲ್ ಲೈಟ್‌ನಲ್ಲಿ ದೀಪವೊಂದಕ್ಕೆ 13 ಲಕ್ಷ ಕಿರುಗನ್ನಡಿ. ವಿಶ್ವಸಂಸ್ಥೆಯ 48ನೇ ನಿಯಮದಂತೆ ಇಂಥ ವ್ಯವಸ್ಥೆ ಎದುರು ವಾಹನವನ್ನು 400 ಮೀಟರಿನಿಂದ, ಮುಂದೆ ಹೋಗುತ್ತಿರುವುದನ್ನು 100ರಿಂದ, ಎದುರು ಬರುವ ಸೈಕಲ್ಲನ್ನು 75ರಿಂದ ಗುರುತಿಸಬೇಕು. ಸೋಲುವುದೆಲ್ಲಿ? ರಸ್ತೆ ನಡುವಿನ ಡಿವೈಡರ್, ಎದುರು ಬರುವ ಲಾರಿಯ ದೀಪಗಳನ್ನು ಮರೆಮಾಡಿದಾಗ: ಎತ್ತರದಲ್ಲಿ ಕೂತ ಲಾರಿ ಚಾಲಕನ ಕಣ್ಣಿಗೆ ಪೂರ್ತಿ ಹೈ ಬೀಮ್. ದಿಬ್ಬದ ನೆತ್ತಿಯಲ್ಲಿ. ವಿಂಡ್‌ಶೀಲ್ಡ್ ಗಾಜು ಬದಲಿಸಿ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸದೆ ಬಿಟ್ಟಾಗ.

ಸಾದಾ ಲೋ ಬೀಮ್‌ನ ಗತಿ ಇನ್ನೂ ಕೆಟ್ಟದ್ದು. ಅದರ ಬೆಳಕನ್ನು ಶೇ. 1ರಷ್ಟು ಕೆಳಮುಖವಾಗಿ ಹೊಂದಿಸಿರುತ್ತಾರೆ, ಅಂದರೆ 10 ಮೀಟರಿಗೆ 10 ಸೆಂ.ಮೀ. ಕೆಳಗೆ. ಡಿಕ್ಕಿಯಲ್ಲಿ ಭಾರ ಕೂತು ಮೂತಿ ಒಂದೇ ಡಿಗ್ರಿ ಎದ್ದರೂ 80 ಮೀಟರಿನಲ್ಲಿ ಬೆಳಕಿನ ಅಂಚು ದೀಪಕ್ಕಿಂತ 60 ಸೆಂ.ಮೀ. ಮೇಲೇರುತ್ತದೆ, ನೇರ ಎದುರು ಚಾಲಕರ ಕಣ್ಣಿಗೆ. ಗೋಡೆಯೆದುರು ನಿಲ್ಲಿಸಿ ಒಂದು ಸ್ಕ್ರೂ ತಿರುಗಿಸುವ ಕೆಲಸ. ಅದಕ್ಕೆ ಪುರುಸೊತ್ತಿಲ್ಲದವರು ದೀಪ ಎಷ್ಟು ಬೆಳಕು ಸೂಸುತ್ತದೆಂಬ ಲ್ಯೂಮೆನ್ ಲೆಕ್ಕದಲ್ಲಿ ಜಾಹೀರಾತು ಕೊಡುತ್ತಾರೆ.

ನನ್ನ ಸಿಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ವಿನ್ಯಾಸದ ಹುಚ್ಚಿಗೆ ಇಂಡಿಕೇಟರನ್ನು ದಾರದಂತೆ ಸಪೂರ ಮಾಡಿ, ಹಗಲಲ್ಲೂ ಉರಿಯುವ ಮುಂಭಾಗದ ದೀಪದ ಪ್ರಖರತೆಯ ಪಕ್ಕದಲ್ಲೇ ಹುದುಗಿಸುತ್ತಾರೆ. ಅಮೆರಿಕದಲ್ಲಂತೂ ಹಿಂಬದಿಯ ಇಂಡಿಕೇಟರ್ ಕೆಂಪಿದ್ದರೂ ನಡೆಯುತ್ತದೆ. ಬ್ರೇಕೋ ತಿರುವೋ ಎಂದು ಹಿಂದಿನವರು ಊಹಿಸಬೇಕು. ಎಲ್ಲರಿಗೂ ಅರ್ಥ ಗೊತ್ತಿರುವ ದೀಪದ ಪಾಡೇ ಹೀಗಿರುವಾಗ ಹೊಸ ಪರದೆ ಕೇಳುವ ಆತುರ ಬೇಡ. ಸದ್ಯಕ್ಕೆ ನೀವು ನೋಡಬೇಕಾದದ್ದು ಮುಂದಿನ ಚಕ್ರ. ಅದು ಪೂರ್ತಿ ನಿಂತಿತೇ, ಆಚೆ ಲೇನ್ ಖಾಲಿಯಿದೆಯೇ, ಇವೆರಡೇ.