ಕಪ್ಪೆ ಎಲ್ಲಿಂದ ಬಂತು ಎಂದು ಕೇಳಿದವರಿಗೆ

ಉಡುಪಿಯ ಕಡಿಯಾಳಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ನಿಟ್ಟಿಂಗ್ ಲೇಖನ ಓದಿ ನೀವು ಬರೆದ ಉದ್ದನೆಯ ಪತ್ರದ ಸಾರ ಇಷ್ಟು: ‘ಅರ್ಧ ಸ್ವೆಟರನ್ನು ಕಪ್ಪೆ ಮಾಡಿದೆ’ ಎಂದರೆ ಏನರ್ಥ? ಹೆಣಿಗೆಗೂ ಹಾರುವ ತಟ್ಟೆಗೂ ಎಲ್ಲಿಯ ಸಂಬಂಧ? ಇವಕ್ಕೆಲ್ಲ ಅಚ್ಚಗನ್ನಡದ ಪದಪಟ್ಟಿಯೊಂದನ್ನು ಪತ್ರಿಕೆ ಕೊಡಬಾರದೇ? ಕೊನೆಗೊಂದು ಕುಟುಕು: ಬೆವರಿಳಿಯುವ ಈ ಕರಾವಳಿಯಲ್ಲಿ ಉಲ್ಲನ್ ಯಾರಿಗೆ ಬೇಕು?

ಕುಟುಕಿನಿಂದಲೇ ಆರಂಭಿಸುತ್ತೇನೆ. ಹೆಣೆಯುವವರು ಇಲ್ಲಿದ್ದಾರೆ, ತೊಡುವವರು ಬೇರೆಡೆ ಇದ್ದಾರೆ. ಮಗಳು ಬೆಂಗಳೂರಿನಲ್ಲಿ, ಮಗ ಕೆನಡಾದಲ್ಲಿ, ಅಳಿಯ ದುಬೈಯ ಎಸಿ ಕೋಣೆಯಲ್ಲಿ. ಮಳೆಗಾಲದಲ್ಲಿ ಹುಟ್ಟಿದ ಕೂಸಿಗೆ ಟೋಪಿ, ಕಾಲುಚೀಲ ನಮ್ಮಲ್ಲೂ ಬೇಕು. ಕಷ್ಟವೇನಿದ್ದರೂ ಹೆಣೆಯುವ ಕೈಗೆ. ಮೇ ತಿಂಗಳ ಮಂಗಳೂರಿನಲ್ಲಿ ಬೆವರಿದ ಬೆರಳಿಗೆ ಅಕ್ರಿಲಿಕ್ ನೂಲು ಅಂಟಿಕೊಳ್ಳುತ್ತದೆ, ಕುಣಿಕೆ ಬಿಗಿದು ಕಡ್ಡಿಯ ಮೇಲೆ ಜರುಗುವುದೇ ಇಲ್ಲ. ನಮ್ಮ ಕಚೇರಿಯಲ್ಲಿ ಕರಡು ತಿದ್ದುವ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಹೆಣೆಯುತ್ತಾರೆ. ಅವರ ಪಕ್ಕದಲ್ಲಿ ಪೌಡರ್ ಡಬ್ಬ ಇರಲೇಬೇಕು.

ಇನ್ನು ಕಪ್ಪೆಯ ವಿಚಾರ. ಹೆಣೆದದ್ದು ಕೆಟ್ಟಾಗ ಕಡ್ಡಿಯನ್ನು ಹೊರಗೆಳೆದು ಸಾಲುಗಟ್ಟಲೆ ಬಿಚ್ಚಿ ಹಾಕುವುದನ್ನು ಇಂಗ್ಲಿಷ್ ಹೆಣಿಗೆಯವರು ‘ಫ್ರಾಗಿಂಗ್’ ಎನ್ನುತ್ತಾರೆ. ‘ರಿಪ್ ಇಟ್, ರಿಪ್ ಇಟ್’ ಎಂದರೆ ಬಿಚ್ಚು, ಬಿಚ್ಚು ಎಂದು. ಬೇಗ ಬೇಗ ಹೇಳಿದರೆ ಅವರ ಕಿವಿಗೆ ಅದು ಕಪ್ಪೆಯ ಕೂಗು. ನಮ್ಮ ಗದ್ದೆಯ ಕಪ್ಪೆಗಳು ವಟಗುಟ್ಟುತ್ತವೆಯೇ ಹೊರತು ಇಂಗ್ಲಿಷ್ ಕಲಿತಿಲ್ಲ. ಇಡೀ ಸಾಲು ಬಿಚ್ಚದೆ ಒಂದೊಂದೇ ಕುಣಿಕೆಯನ್ನು ಹಿಂದಕ್ಕೆ ಬಿಡಿಸಿಕೊಂಡು ಬರುವುದು ‘ಟಿಂಕ್’. ‘ನಿಟ್’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೊನೆಯಿಂದ ಓದಿ, ಸಿಗುತ್ತದೆ. ನಿಮ್ಮನ್ನು ಕಾಡಿದ ‘ಯುಎಫ್‌ಒ’ ಹಾರುವ ತಟ್ಟೆಯಲ್ಲ, ‘ಅನ್‌ಫಿನಿಶ್ಡ್ ಆಬ್ಜೆಕ್ಟ್’, ಅಂದರೆ ಮುಗಿಸದೆ ಚೀಲದಲ್ಲಿ ತುರುಕಿಟ್ಟ ಕೆಲಸ. ಒಂದು ಕಾಲುಚೀಲ ಮುಗಿಸಿದ ಮೇಲೆ ಅದರ ಜೋಡಿಗೆ ಕೈ ಹಾಕಲು ಮನಸ್ಸು ಬಾರದಿರುವುದನ್ನು ಒಂದು ‘ಸಿಂಡ್ರೋಮ್’ ಎಂದೇ ಕರೆದಿದ್ದಾರೆ. ನೂಲು ತೀರುತ್ತಾ ಬಂದರೂ ಅಂಗಡಿಗೆ ಹೋಗದೆ, ಮೊದಲು ಮುಗಿಯುವುದು ಸಾಲೋ ನೂಲೋ ನೋಡಿಯೇ ಬಿಡೋಣ ಎಂದು ಹೆಣೆಯುತ್ತಾ ಹೋಗುವ ಜೂಜು ‘ಯಾರ್ನ್ ಚಿಕನ್’. ಕೊಂಡು ಪೇರಿಸಿದ ನೂಲು ‘ಸ್ಟ್ಯಾಶ್’. ಅದು ಈ ಜನ್ಮದಲ್ಲಿ ಹೆಣೆದು ಮುಗಿಸಲಾರದಷ್ಟು ಬೆಳೆದರೆ ‘ಸೇಬಲ್’, ಆಯುಸ್ಸನ್ನೂ ಮೀರಿದ ಸ್ಟ್ಯಾಶ್ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಅಚ್ಚುಕಟ್ಟಾದ ಹೆಣಿಗೆಗೆ ಅಡ್ಡಹೆಸರಿಡುವ ಗೋಜಿಗೆ ಇವರು ಹೆಚ್ಚಾಗಿ ಹೋಗಿಲ್ಲ. ನಗೆಯೆಲ್ಲ ತಮ್ಮ ಎಡವಟ್ಟು, ಸೋಮಾರಿತನ, ಕೊಳ್ಳುವ ಚಪಲಗಳ ಮೇಲೆಯೇ. ನನಗೆ ಈ ಭಾಷೆ ಹಿಡಿಸಿದ್ದು ಅದಕ್ಕಾಗಿ.

ಇವಕ್ಕೆ ‘ಪ್ರತಿಹೆಣಿಗೆ’, ‘ಅಪೂರ್ಣವಸ್ತು’ ಎಂದು ಪಟ್ಟಿ ತಯಾರಿಸಲು ಒಂದು ಸಂಜೆ ಸಾಕು. ಬಳಸುವವರು ಮಾತ್ರ ಸಿಗುವುದಿಲ್ಲ. ನಮ್ಮವರಿಗೆ ಹೆಸರಿಡಲು ಬಾರದು ಎಂಬ ನಿಮ್ಮ ಕೊರಗನ್ನೂ ನಾನು ಒಪ್ಪುವುದಿಲ್ಲ. ತಲೆ, ಕಿವಿ, ಕತ್ತು ಮುಚ್ಚಿ ಮುಖವನ್ನಷ್ಟೇ ಬಿಡುವ ಉಲ್ಲನ್ ಟೋಪಿ ಇಂಗ್ಲಿಷರಿಗೆ ‘ಬಾಲಕ್ಲಾವಾ’. ಕ್ರಿಮಿಯಾ ಯುದ್ಧದಲ್ಲಿ, 1854ರಲ್ಲಿ, ಕದನ ನಡೆದ ಊರಿನ ಹೆಸರದು. ಅದೇ ಕದನದಲ್ಲಿ ಕುದುರೆಪಡೆಯನ್ನು ಮುನ್ನಡೆಸಿದ ಸರದಾರನ ಹೆಸರು ಮುಂದೆ ಗುಂಡಿ ಹಾಕುವ ಸ್ವೆಟರಿಗೆ ಬಂದು ‘ಕಾರ್ಡಿಗನ್’ ಆಯಿತು. ನಾವು ಯುದ್ಧದ ಗೊಡವೆಗೇ ಹೋಗದೆ, ತೊಟ್ಟವರ ಮುಖ ನೋಡಿ ಟೋಪಿಯನ್ನು ‘ಮಂಕಿ ಕ್ಯಾಪ್’ ಎಂದೆವು. ಅದೂ ಇಂಗ್ಲಿಷೇ ಅಲ್ಲವೇ ಎಂದು ನೀವು ತಕರಾರು ತೆಗೆಯಬಹುದು. ಲಂಡನ್ನಿನ ಅಂಗಡಿಯಲ್ಲಿ ಕೇಳಿದರೆ ಅವರಿಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಪಕ್ಕದ ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಮಾರಾಟವೆಲ್ಲ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಘಟ್ಟ ಹತ್ತಿದರೆ ಆ ಲೆಕ್ಕ ಯಾರಿಗೂ ತಿಳಿಯದು. ಹಾಗೆಂದು ಹೂ ಕಟ್ಟುವವರು ಪದಕೋಶ ಬೇಕೆಂದು ಅರ್ಜಿ ಹಾಕಿಲ್ಲ.

ಹೇಳಿದೆನಲ್ಲ, ಕರಡು ತಿದ್ದುವ ಸಹೋದ್ಯೋಗಿ. ಅವರ ಸೀದಾ, ಉಲ್ಟಾ ಕುಣಿಕೆಗಳಿಗೆ ಬೇರೆ ಹೆಸರಿಲ್ಲ. ಸ್ವೆಟರ್ ಆಯಿತೇ ಎಂದು ಕೇಳಿದರೆ ‘ಇನ್ನೂ ಕಡ್ಡಿಯಲ್ಲೇ ಇದೆ’ ಎನ್ನುತ್ತಾರೆ. ಕಷ್ಟದ ನಮೂನೆಗೆ ಕೈ ಹಾಕುವ ಮೊದಲು ದಪ್ಪ ಸೂಜಿಗೆ ಬಿಳಿ ದಾರ ಪೋಣಿಸಿ, ಕಡ್ಡಿಯಲ್ಲಿರುವ ಒಂದೊಂದು ಕುಣಿಕೆಯ ಒಳಗಿನಿಂದಲೂ ಅದನ್ನು ಹಾಯಿಸಿ ಬಿಟ್ಟುಬಿಡುತ್ತಾರೆ. ಮುಂದಿನ ಹತ್ತು ಸಾಲು ಕೆಟ್ಟರೂ ಎಳೆದಾಗ ನೂಲು ಆ ದಾರದವರೆಗೆ ಬಿಚ್ಚಿಕೊಂಡು ಬಂದು ನಿಲ್ಲುತ್ತದೆ, ಕುಣಿಕೆಗಳು ಜಾರುವುದಿಲ್ಲ. ಇಂಗ್ಲಿಷಿನವರ ‘ಲೈಫ್‌ಲೈನ್’ ಅವರ ಬಾಯಲ್ಲಿ ‘ಕಾವಲು ದಾರ’.

ನಿಜಕ್ಕೂ ಕೈ ಕೊಡುವುದು ಈ ತಮಾಷೆಯ ಪದಗಳಲ್ಲ, ಪರಿಚಿತವೆನ್ನಿಸುವ ಮಾತುಗಳು. ‘ಎಂಟು ನಂಬರ್ ಕಡ್ಡಿ’ ಎಂಬುದನ್ನೇ ತೆಗೆದುಕೊಳ್ಳಿ. ಅಮೆರಿಕದ ಎಂಟು ಎಂದರೆ 5 ಮಿಲಿಮೀಟರ್ ದಪ್ಪ. ನಮ್ಮಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಎಂಟು ಎಂದರೆ 4 ಮಿಲಿಮೀಟರ್, ಮತ್ತು ಅಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ. ಅಮೆರಿಕದ ನಮೂನೆ ಹಿಡಿದು ಇಲ್ಲಿಯ ಎಂಟು ನಂಬರ್ ಕಡ್ಡಿಯಲ್ಲಿ ಹೆಣೆದರೆ ಮೊಮ್ಮಗನ ಸ್ವೆಟರ್ ಅವನ ಗೊಂಬೆಗೆ ಆದೀತು. ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾದಲ್ಲಿ ಗೊಂದಲ ಇನ್ನೂ ಹೆಚ್ಚು: ಅಮೆರಿಕದವರ ‘ಸಿಂಗಲ್’ ಕುಣಿಕೆ ಬ್ರಿಟಿಷರಿಗೆ ‘ಡಬಲ್’, ಅಮೆರಿಕದವರ ‘ಡಬಲ್’ ಬ್ರಿಟಿಷರಿಗೆ ‘ಟ್ರೆಬಲ್’. ಸೀರೆಗೆ ಕ್ರೋಶಾ ಕುಚ್ಚು ಹಾಕುವವರು ಒಂದರ ಬದಲು ಇನ್ನೊಂದನ್ನು ಹಿಡಿದರೆ ಅಂಚಿನ ಅಗಲವೇ ಬದಲಾಗುತ್ತದೆ.

ಆದ್ದರಿಂದ ಪದಪಟ್ಟಿ ಪ್ರಕಟಿಸುವುದಿಲ್ಲ. ಮುಂದಿನ ಸಂಚಿಕೆಯಿಂದ ಪ್ರತಿ ನಮೂನೆಯ ತಲೆಯಲ್ಲೇ ಕಡ್ಡಿಯ ದಪ್ಪ ಮಿಲಿಮೀಟರಿನಲ್ಲಿರುತ್ತದೆ. ಕ್ರೋಶಾ ಹೆಸರುಗಳು ಯಾವ ದೇಶದವು ಎಂಬುದೂ ಇರುತ್ತದೆ. ನಿಮ್ಮ ಅತ್ತೆಯವರು ಹೆಣೆಯುವಾಗ ಆಡುತ್ತಿದ್ದ ಮಾತುಗಳು ಎಷ್ಟು ಚೆನ್ನಾಗಿದ್ದವು ಎಂದು ಪತ್ರದಲ್ಲಿ ಹೊಗಳಿದ್ದೀರಿ, ಆದರೆ ಒಂದನ್ನೂ ಬರೆದಿಲ್ಲ. ದಯವಿಟ್ಟು ಅವನ್ನು ಬರೆದು ಕಳುಹಿಸಿ.

– ಸಂಪಾದಕ